ಇಲ್ಲಿ ಅಂದ್ರೆ ಎಲ್ಲಿ?

ಲಿನಕ್ಸ್‌ನಲ್ಲಿ ಡೆಸ್ಕ್‌ಟಾಪ್ ಮೇಲೆ ನಡೆಯೋದನ್ನ ವೀಡಿಯೋ ಮಾಡೋದು ಕಷ್ಟವೇನಲ್ಲ. ಆ ವೀಡಿಯೋದೊಳಗೆ ಕಂಪ್ಯೂಟರೇ ಹೊರಡಿಸುವ ಸದ್ದನ್ನು ತರೋದಿದೆಯಲ್ಲ, ಅಲ್ಲಿ ಸ್ವಲ್ಪ ತಲೆ ಕೆರೆದುಕೊಳ್ಳಬೇಕು. ಕಲಿಸುವ ವೀಡಿಯೋಗಳಿಗೆ ಸಾಮಾನ್ಯವಾಗಿ ನಮ್ಮ ಮಾತಷ್ಟೇ ಸಾಕು. ನನಗೆ ಬೇಕಾಗಿದ್ದು ಕಂಪ್ಯೂಟರಿನ ಮಾತು.

ಕಾರಣ ನಮ್ಮೂರಿನ ಒಬ್ಬ ಹುಡುಗ. ಬಿ.ಎ. ಓದುತ್ತಿದ್ದಾನೆ, ಕಣ್ಣು ಕಾಣುವುದಿಲ್ಲ. ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಸಿಕೊಂಡು ಓರ್ಕಾ ಕಲಿಯುತ್ತಿದ್ದಾನೆ. ಓರ್ಕಾ ಅಂದರೆ ತೆರೆಯ ಮೇಲಿರೋದನ್ನ ಓದಿ ಹೇಳುವ ತಂತ್ರಾಂಶ. ಗ್ನೋಮ್‌ನಲ್ಲಿ ಸೂಪರ್, ಆಲ್ಟ್, ಎಸ್ ಮೂರೂ ಕೀಲಿ ಒಟ್ಟಿಗೆ ಒತ್ತಿದರೆ ಮಾತು ಶುರು. ಇಸ್ಪೀಕ್ ಎನ್‌ಜಿ ಜೊತೆಗಿದ್ದರೆ ಕನ್ನಡವನ್ನೂ ಓದುತ್ತದೆ. ದನಿ ಯಂತ್ರದ್ದೇ ಬಿಡಿ, ಆದರೆ ಅವನು ಅದನ್ನ ನಮಗೆ ಒಂದು ಪದವೂ ತಿಳಿಯದಷ್ಟು ವೇಗವಾಗಿ ಓಡಿಸಿಕೊಂಡು ಕೇಳುತ್ತಾನೆ!

ಒಮ್ಮೆ ಫೋನ್ ಮಾಡಿದವನು, "ಅಣ್ಣಾ, ಯಾವ ವೀಡಿಯೋ ಹಾಕಿದ್ರೂ ಇಲ್ಲಿ ಕ್ಲಿಕ್ ಮಾಡಿ, ಅಲ್ಲಿ ಒತ್ತಿ ಅಂತಾರೆ. ಇಲ್ಲಿ ಅಂದ್ರೆ ಎಲ್ಲಿ?" ಅಂದ. ಏನು ಉತ್ತರ ಕೊಡೋದು ಹೇಳಿ. ನಾನು ಯಾವ ಕೀಲಿ ಒತ್ತಿದೆ, ಒತ್ತಿದಾಗ ಓರ್ಕಾ ಏನಂತು, ಎರಡೂ ಅವನಿಗೆ ಕೇಳಬೇಕು. ಓರ್ಕಾದ ದನಿ ಇಲ್ಲದಿದ್ದರೆ ಅವನ ಪಾಲಿಗೆ ಅದು ಖಾಲಿ ವೀಡಿಯೋ.

ಸ್ಪೀಕರಿನ ದನಿಯನ್ನ ಮೈಕ್ ಹಿಡಿದುಕೊಳ್ಳುತ್ತದಲ್ಲ ಅನ್ನಬಹುದು. ಹಿಡಿಯುತ್ತದೆ, ಫ್ಯಾನು, ಕುಕ್ಕರಿನ ಸೀಟಿ, ಬೀದಿಯ ಹಾರ್ನು ಎಲ್ಲವನ್ನೂ ಸೇರಿಸಿಕೊಂಡು. ಯಂತ್ರದ ದನಿಯಲ್ಲಿ ಒಂದಕ್ಷರ ಮಸುಕಾದರೂ ಅರ್ಥ ಕೆಡುತ್ತದೆ. ಸದ್ದನ್ನ ಸ್ಪೀಕರಿಗೆ ಹೋಗುವ ಮೊದಲೇ ಹಿಡಿಯಬೇಕು.

ಹಿಂದೆ ಇದಕ್ಕೆ ಬಹಳ ಸರ್ಕಸ್ ಇತ್ತು. 2000ದ ದಶಕದಲ್ಲಿ ರೆಕಾರ್ಡ್‌ಮೈಡೆಸ್ಕ್‌ಟಾಪ್ ಬಳಸಿದವರಿಗೆ ನೆನಪಿರಬಹುದು. ಸೌಂಡ್ ಕಾರ್ಡಿನಲ್ಲೇ ಸೌಕರ್ಯ ಇದ್ದರೆ ಸರಿ, ಇಲ್ಲದಿದ್ದರೆ ಹೆಡ್‌ಫೋನ್ ತೂತಿನಿಂದ ಲೈನ್‌ಇನ್‌ಗೆ ಒಂದು ವೈರು ಸಿಕ್ಕಿಸೋದು! ಪಲ್ಸ್‌ಆಡಿಯೋ ಬಂದ ಮೇಲೆ ದಾರಿ ಸುಲಭವಾಯಿತು. 2007ರಲ್ಲಿ ಫೆಡೋರಾ 8, 2008ರಲ್ಲಿ ಉಬುಂಟು 8.04 ಅದನ್ನ ಜೊತೆಗೇ ಕೊಟ್ಟವು. ಅದರಲ್ಲಿ ಸದ್ದು ಹೊರಹೋಗುವ ಪ್ರತಿ ಬಾಗಿಲಿಗೂ 'ಮಾನಿಟರ್' ಅಂತ ಒಂದು ಜೋಡಿ ಇರುತ್ತದೆ. ನಮ್ಮೆದುರಿನ ತೆರೆಯಲ್ಲ ಮಾರಾಯ್ರೆ, ಹೆಸರಷ್ಟೇ ಒಂದೇ :) ಹೊರಹೋಗುವ ಸದ್ದಿನ ನಕಲು ಅಲ್ಲಿ ಸಿಗುತ್ತದೆ, ರೆಕಾರ್ಡರಿಗೆ ಅದು ಇನ್ನೊಂದು ಮೈಕ್ ಇದ್ದ ಹಾಗೆ. ಆಮೇಲೆ ಬಂದ ಪೈಪ್‌ವೈರ್ (ಫೆಡೋರಾ 34ರಲ್ಲಿ 2021, ಉಬುಂಟು 22.10ರಲ್ಲಿ 2022) ಇದೇ ಏರ್ಪಾಟನ್ನ ಉಳಿಸಿಕೊಂಡಿದೆ.

ನಾನು ಬಳಸೋದು ಒಬಿಎಸ್ ಸ್ಟುಡಿಯೋ. 'ಡೆಸ್ಕ್‌ಟಾಪ್ ಆಡಿಯೋ' ಎಂಬ ಪಟ್ಟಿ ಓರ್ಕಾ ಮಾತಾಡಿದಾಗ ಕುಣಿದರೆ ಕೆಲಸ ಆಯಿತು. ಕುಣಿಯದಿದ್ದರೆ ಸದ್ದು ಬ್ಲೂಟೂತಿಗೋ ಎಚ್‌ಡಿಎಂಐಗೋ ಹೋಗುತ್ತಿದೆಯಾ ನೋಡಿ, ಆ ಬಾಗಿಲನ್ನೇ ಸೆಟ್ಟಿಂಗ್ಸ್‌ನಲ್ಲಿ ಆರಿಸಿ. ಹೆಡ್‌ಫೋನ್ ಹಾಕಿಕೊಳ್ಳೋದು ಕಡ್ಡಾಯ, ಇಲ್ಲದಿದ್ದರೆ ಓರ್ಕಾದ ಮಾತು ಮೈಕಿಗೂ ಬಿದ್ದು ಎರಡೆರಡು ಸಲ ಕೇಳುತ್ತದೆ. ನನ್ನ ದನಿ ಒಂದು ಟ್ರ್ಯಾಕಿಗೆ, ಓರ್ಕಾದ್ದು ಇನ್ನೊಂದಕ್ಕೆ ಹಾಕಿದರೆ ಆಮೇಲೆ ಯಾವುದನ್ನ ಏರಿಸಬೇಕು, ಯಾವುದನ್ನ ಇಳಿಸಬೇಕು ಅನ್ನೋದು ನಮ್ಮ ಕೈಯಲ್ಲೇ. ಉಳಿಸುವಾಗ ಎಂಕೆವಿ ಮಾಡಿ. ನಡುವೆ ಕರೆಂಟು ಹೋದರೂ ಅಲ್ಲಿಯವರೆಗಿನದು ಉಳಿಯುತ್ತದೆ. ಎಂಪಿ4 ಬೇಕಾದರೆ ಒಬಿಎಸ್‌ನಲ್ಲೇ ಬದಲಾಯಿಸಿಕೊಳ್ಳಬಹುದು.

ಒಂದೇ ತಂತ್ರಾಂಶದ ದನಿ ಬೇಕು, ಮೇಲ್ ಬಂದ ಟಿಣ್ ಸದ್ದು ಬೇಡ ಅಂದರೆ ಒಬಿಎಸ್‌ಗೆ ಪೈಪ್‌ವೈರ್ ಆಡಿಯೋ ಕ್ಯಾಪ್ಚರ್ ಎಂಬ ಪ್ಲಗಿನ್ ಇದೆ. ಅಲ್ಲೊಂದು ಸೂಕ್ಷ್ಮ: ಓರ್ಕಾದ ಮಾತನ್ನ ಆಡೋದು ಓರ್ಕಾ ಅಲ್ಲ, ಹಿಂದೆ ಕೂತ ಸ್ಪೀಚ್ ಡಿಸ್ಪ್ಯಾಚರ್. ಪಟ್ಟಿಯಲ್ಲಿ ಹುಡುಕಬೇಕಾದ್ದು ಆ ಹೆಸರನ್ನ.

ಇಷ್ಟೆಲ್ಲಾ ಆದ ಮೇಲೆ ಹನ್ನೆರಡು ನಿಮಿಷದ ಒಂದು ಪಾಠ ತಯಾರಾಯಿತು: ಲಿಬ್ರೆಆಫೀಸ್‌ನಲ್ಲಿ ಹೊಸ ಕಡತ ತೆರೆದು, ಕನ್ನಡದಲ್ಲಿ ನಾಲ್ಕು ಸಾಲು ಬರೆದು, ಉಳಿಸೋದು. ಕಳಿಸಿದೆ. ಮರುದಿನ ಅವನಿಂದ ಒಂದು ಓಡಿಟಿ ಕಡತ ಬಂತು. ಒಳಗೆ ನಾಲ್ಕಲ್ಲ, ಐದು ಸಾಲು. ಐದನೆಯದು, "ಅಣ್ಣಾ, ಓರ್ಕಾ ಸರಿಯಾಗಿ ಕೇಳುತ್ತೆ, ನೀವು ಮಾತ್ರ ಸ್ವಲ್ಪ ನಿಧಾನ."

ಕಲಿಸುವ ವೀಡಿಯೋ ಮಾಡುವ ಗೆಳೆಯರಲ್ಲಿ ಒಂದು ಕೋರಿಕೆ. ಮುಗಿಸಿದ ಮೇಲೆ ಒಂದು ಸಲ ಕಣ್ಣು ಮುಚ್ಚಿ ಕೇಳಿ ನೋಡಿ. 'ಇಲ್ಲಿ' ಅಂದ ಕಡೆಯೆಲ್ಲಾ ಆ ಮೆನುವಿನ ಹೆಸರು ಹೇಳಿ, ಕೀಲಿ ಯಾವುದು ಅಂತ ಹೇಳಿ. ಅದಕ್ಕೆ ಯಾವ ಪ್ಲಗಿನ್ನೂ ಬೇಕಿಲ್ಲ.