ಹದಿನಾರು ಗಂಟೆ ಅಂದರೆ ಎಷ್ಟು ಹೊತ್ತು?

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ವಿಮಾನದಲ್ಲಿ ಎಷ್ಟು ದೂರ ಅಂತ ಮೊಬೈಲಿಗೆ ಕೇಳಿದರೆ ಸುಮಾರು 14,000 ಕಿ.ಮೀ., 16–17 ಗಂಟೆ ಅನ್ನುತ್ತದೆ. ಲೆಕ್ಕ ಸುಳ್ಳಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾ ನೇರ ವಿಮಾನ ಶುರು ಮಾಡಿದಾಗ, ಅಲ್ಲಿಂದ ಹೊರಟ ಮೊದಲನೆಯದನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಯ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದ ತಂದು ದೇವನಹಳ್ಳಿಯಲ್ಲಿ ಇಳಿಸಿದ್ದರು. ಅದೇ ಹತ್ತಿರದ ದಾರಿ. ಶಾಲೆಯ ಗ್ಲೋಬಿನ ಮೇಲೆ ಎರಡೂ ಊರಿಗೆ ದಾರ ಬಿಗಿಹಿಡಿದು ನೋಡಿ, ದಾರ ತಾನಾಗಿ ಮೇಲಕ್ಕೆ ಜಾರುತ್ತದೆ.

ಆದರೆ ಆ ಹದಿನಾರು ಗಂಟೆ ವಿಮಾನ ನೆಲ ಬಿಟ್ಟು ನೆಲ ಮುಟ್ಟುವವರೆಗಿನದು ಮಾತ್ರ. ಇದು ನಮ್ಮ ತಲೆಗೆ ಹೊಕ್ಕಿದ್ದು ಒಂದು ಸಾವಿನ ಮನೆಯಲ್ಲಿ.

ಕಳಸದ ಹತ್ತಿರ ನಮ್ಮ ಪರಿಚಯದ ಅಜ್ಜಿಯೊಬ್ಬರು ಮಳೆಗಾಲದ ಒಂದು ಬೆಳಗ್ಗೆ ಆರಕ್ಕೆ ತೀರಿಕೊಂಡರು. ಒಬ್ಬನೇ ಮಗ ಕ್ಯಾಲಿಫೋರ್ನಿಯಾದಲ್ಲಿ. ಅಂಗಳದಲ್ಲಿ ಯಾರೋ ಮೊಬೈಲ್ ನೋಡಿ, "ಹದಿನಾರೇ ಗಂಟೆ ಮಾರಾಯ್ರೆ, ರಾತ್ರಿಯೊಳಗೆ ಬರ್ತಾನೆ, ಕಾಯುವ" ಅಂದರು. ಪೇಪರಿನವರು ಅಂತ ನಮ್ಮನ್ನೂ ಕೇಳಿದರು. ಮಗನಿಗೆ ಫೋನ್ ಹಚ್ಚಿ ಕೂಡಿಸುತ್ತಾ ಹೋದೆವು. ನೇರ ವಿಮಾನ ಆ ದಿನ ಇರಲಿಲ್ಲ. ಸಿಕ್ಕ ಟಿಕೆಟ್ ಒಂಬತ್ತು ಗಂಟೆ ಬಿಟ್ಟು ಹೊರಡುವುದು. ನಡುವೆ ವಿಮಾನ ಬದಲಿಸಿ ದೇವನಹಳ್ಳಿಗೆ ಇಪ್ಪತ್ಮೂರು ಗಂಟೆ. ಪಾಸ್‌ಪೋರ್ಟ್ ಸಾಲು, ಲಗೇಜು ಅಂತ ಒಂದೂವರೆ. ಆಮೇಲೆ ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಮಳೆಯಲ್ಲಿ ಎಂಟು ಗಂಟೆ. ಒಟ್ಟು ನಲವತ್ತೊಂದೂವರೆ.

ಟಿಕೆಟ್ ನೋಡಿದರೆ ಗೊಂದಲ ಇನ್ನೂ ಹೆಚ್ಚು. ಹೊರಡುವುದು ಅಲ್ಲಿಯ ಗಡಿಯಾರ, ಇಳಿಯುವುದು ಇಲ್ಲಿಯದು. ಮಳೆಗಾಲದಲ್ಲಿ ಅವರು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ.

ಕರೆಂಟ್ ಹಿಂದಿನ ದಿನವೇ ಹೋಗಿತ್ತು. ಫ್ರೀಜರ್ ಪೆಟ್ಟಿಗೆ ತರಿಸಿದರೂ ಜನರೇಟರಿಗೆ ಎರಡು ದಿನದ ಡೀಸೆಲ್ ಬೇಕು. ಅಜ್ಜಿಯ ಮಗಳು ಕಾಗದವನ್ನೇ ನೋಡುತ್ತಾ ಕೂತರು. "ಕಾಯ್ಬೇಡಿ ಅಕ್ಕ" ಅಂತ ಕೊನೆಗೆ ಅವನೇ ಹೇಳಿದ. ವಿಡಿಯೋ ಕಾಲ್ ಹಿಡಿದರೆ ನೆಟ್‌ವರ್ಕ್ ಗೇಟಿನ ಹತ್ತಿರ ಮಾತ್ರ. ಚಟ್ಟವನ್ನು ಅಲ್ಲಿ ಎರಡು ನಿಮಿಷ ನಿಲ್ಲಿಸಿದರು. ಅವನು ಬಂದಾಗ ಮರುದಿನ ರಾತ್ರಿ ಹನ್ನೆರಡು. ಭದ್ರೆಗೆ ಬೂದಿ ಬಿಡುವುದಕ್ಕೆ ಸಿಕ್ಕಿದ.

ದುಬೈನಲ್ಲಿರುವವರ ಲೆಕ್ಕ ಬೇರೆ. ಮಂಗಳೂರಿನಿಂದ ಸುಮಾರು 2,450 ಕಿ.ಮೀ., ನಾಲ್ಕು ಗಂಟೆಯೊಳಗೆ. ಕಳಸದಿಂದ ಕುದುರೆಮುಖ, ಕಾರ್ಕಳದ ಮೇಲೆ ಬಜ್ಪೆಗೆ ನೂರು ಕಿ.ಮೀ. ಚಿಲ್ಲರೆ, ಅದಕ್ಕೂ ಮೂರು ಗಂಟೆಯ ಮೇಲೆಯೇ! (ಬಾಬಾಬುಡನ್ ಏಳು ಕಾಫಿ ಬೀಜ ತಂದರು ಅನ್ನುವ ಯೆಮನ್‌ನ ಮೋಖಾ ನಮ್ಮ ಗಿರಿಯಿಂದ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ, 3,500 ಕಿ.ಮೀ. ದೂರದಲ್ಲಿದೆ. ಅವರಿಗೆ ಎಷ್ಟು ತಿಂಗಳು ಹಿಡಿಯಿತೋ.)

ಮಕ್ಕಳು ಹೊರಗಿರುವವರು ಒಂದು ಚೀಟಿ ಬರೆದಿಡಿ: ಅವರ ಮನೆಯಿಂದ ವಿಮಾನ ನಿಲ್ದಾಣಕ್ಕೆ ಎಷ್ಟು ಹೊತ್ತು, ಎಲ್ಲಿ ವಿಮಾನ ಬದಲು, ಇಳಿದ ಮೇಲೆ ಯಾರ ಕಾರು. ಘಾಟಿ ತೆರೆದಿದೆಯೋ ಅನ್ನುವುದನ್ನು ಹೊರಡುವ ಮುಂಚೆಯೇ ಕೇಳಿ. 2019ರ ಆಗಸ್ಟಿನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆಯೇ ಮುಚ್ಚಿತ್ತು.