ಒಂದೇ ಬಾಗಿಲು

ಆಟದಲ್ಲಿ ಸೋಲು ಗೆಲವುಗಳು ಸಹಜವೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಸೋಲುಗಳೆಲ್ಲ ಒಂದೇ ಬಗೆಯವಲ್ಲ. ಸಾಮರ್ಥ್ಯ ಸಾಲದೆ ಬಂದ ಸೋಲು ಒಂದು. ಎಚ್ಚರ ತಪ್ಪಿ ಬಂದ ಸೋಲು ಇನ್ನೊಂದು. ತಮ್ಮ ಶಕ್ತಿಯನ್ನೆಲ್ಲ ಧಾರೆಯೆರೆದು, ಎದುರಾಳಿಗಿಂತ ಎಳ್ಳಷ್ಟೂ ಕಡಿಮೆಯಿಲ್ಲದಂತೆ ಆಡಿ, ಕಡೆಯಲ್ಲಿ ಸೋತವರ ಸೋಲು ಮೂರನೆಯದು. ಈ ಮೂರನೆಯ ಸೋಲು ಸೋತವರನ್ನು ಮಾತ್ರವಲ್ಲ, ನೋಡಿದವರನ್ನೂ ಚಿಂತನೆಗೆ ಹಚ್ಚುತ್ತದೆ. ಕೆಲವೊಮ್ಮೆ ಆಟದ ಕಟ್ಟಳೆಯನ್ನೇ ಪ್ರಶ್ನಿಸುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಗ್ರೀನ್ಸ್‌ಬರೋ ನಗರದಲ್ಲಿ ೧೯೭೪ರ ಮಾರ್ಚ್ ೯ರಂದು ನಡೆದ ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದು ಅಂಥ ಸೋಲಿಗೆ ಸಾಕ್ಷಿಯಾಯಿತು.

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು ಶಾಲೆಯೊಂದರ ಅಂಗಳದಲ್ಲಿಯೇ. ೧೮೯೧ರ ಡಿಸೆಂಬರ್ ತಿಂಗಳಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕರು ಚಳಿಗಾಲದಲ್ಲಿ ಹೊರಗೆ ಆಡಲಾಗದ ವಿದ್ಯಾರ್ಥಿಗಳಿಗಾಗಿ ಇದನ್ನು ಕಲ್ಪಿಸಿದರು. ಪೀಚ್ ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಕಟ್ಟಿಸಿ, ಹದಿಮೂರು ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದರು. ಬುಟ್ಟಿಯ ಜಾಗದಲ್ಲಿ ಕಬ್ಬಿಣದ ಬಳೆಯೂ ಬಲೆಯೂ ಬಂದವು, ನಿಯಮಗಳು ಬೆಳೆದವು, ಆದರೆ ಆ ಹತ್ತು ಅಡಿಯ ಎತ್ತರ ಮಾತ್ರ ಬದಲಾಗಲಿಲ್ಲ. ಅಧ್ಯಾಪಕರ ಕೈಯಲ್ಲಿ ಹುಟ್ಟಿದ ಈ ಆಟ ಕಾಲೇಜುಗಳಲ್ಲಿಯೇ ಬೇರೂರಿ ಹೆಮ್ಮರವಾದುದು ಉಚಿತವೇ ಆಗಿದೆ.

ಅಲ್ಲಿ ಕಾಲೇಜುಗಳು ಒಂದೊಂದಾಗಿ ನಿಂತು ಆಡುವುದಿಲ್ಲ. ಒಂದು ಪ್ರದೇಶದ ಕಾಲೇಜುಗಳು ಕೂಡಿ ಕಾನ್ಫರೆನ್ಸ್ ಎಂಬ ಒಕ್ಕೂಟವನ್ನು ಕಟ್ಟಿಕೊಳ್ಳುತ್ತವೆ. ಚಳಿಗಾಲದುದ್ದಕ್ಕೂ ಒಂದು ತಂಡ ಇನ್ನೊಂದು ತಂಡದ ಊರಿಗೆ ಹೋಗುವುದು, ಅದು ಇದರ ಊರಿಗೆ ಬರುವುದು ನಡೆದಿರುತ್ತದೆ. ಮಾರ್ಚ್ ತಿಂಗಳು ಬಂದಾಗ ತಂಡಗಳು ಒಂದೇ ನಗರದಲ್ಲಿ ಸೇರುತ್ತವೆ. ಅಲ್ಲಿ ಸೋತವರು ಆ ಕ್ಷಣವೇ ಊರಿಗೆ ಮರಳಬೇಕು. ಗೆದ್ದವರು ಮರುದಿನ ಮತ್ತೆ ಆಡಬೇಕು. ಕೊನೆಗೆ ಉಳಿದದ್ದೇ ಒಕ್ಕೂಟದ ಚಾಂಪಿಯನ್ ತಂಡ. ಇದೇ ಋತುವಿನ ಕೊನೆಯ ಪಂದ್ಯಾವಳಿ.

ಇಂಥ ಒಕ್ಕೂಟಗಳಲ್ಲಿ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಎಂಬುದು ಹೆಸರಾದದ್ದು. ಅದು ೧೯೫೩ರಲ್ಲಿ ಸ್ಥಾಪಿತವಾಯಿತು. ಅದರ ಮೊದಲ ಪಂದ್ಯಾವಳಿ ೧೯೫೪ರಲ್ಲಿ ನಾರ್ತ್ ಕ್ಯಾರೊಲೈನ ರಾಜ್ಯದ ರಾಲೀ ನಗರದಲ್ಲಿ ಜರುಗಿತು. ಅಲ್ಲಿನ ನಾರ್ತ್ ಕ್ಯಾರೊಲೈನ ಸ್ಟೇಟ್ ತಂಡದ ತರಬೇತುದಾರರಾಗಿದ್ದ ಎವರೆಟ್ ಕೇಸ್ ಅವರು ಈ ಆಟವನ್ನು ಆ ನಾಡಿನ ಮನೆಮಾತಾಗಿಸಿದವರು. ಗೆದ್ದ ತಂಡದವರು ಏಣಿ ಹತ್ತಿ ಬುಟ್ಟಿಯ ಬಲೆಯನ್ನು ಕತ್ತರಿಸಿಕೊಂಡು ನೆನಪಿಗಾಗಿ ಒಯ್ಯುವ ಪದ್ಧತಿಯನ್ನು ಆ ಪ್ರಾಂತ್ಯಕ್ಕೆ ತಂದವರೂ ಅವರೇ. ಮುಂದೆ ಈ ಪಂದ್ಯಾವಳಿ ಒಂದು ಜಾತ್ರೆಯೇ ಆಯಿತು. ಆ ದಿನಗಳಲ್ಲಿ ನಾರ್ತ್ ಕ್ಯಾರೊಲೈನದ ಶಾಲೆಗಳಲ್ಲಿ ಅಧ್ಯಾಪಕರೇ ದೂರದರ್ಶನದ ಪೆಟ್ಟಿಗೆಯನ್ನು ತರಗತಿಗೆ ತಳ್ಳಿಕೊಂಡು ಬರುತ್ತಿದ್ದರು. ಗಣಿತವೋ ಚರಿತ್ರೆಯೋ ಅರ್ಧಕ್ಕೆ ನಿಲ್ಲುತ್ತಿತ್ತು. ಗುರುಶಿಷ್ಯರು ಒಟ್ಟಿಗೆ ಕುಳಿತು ಆಟ ನೋಡುತ್ತಿದ್ದರು.

ಈ ಸಂಭ್ರಮದ ಹಿಂದೆ ಒಂದು ಕಠೋರವಾದ ಕಟ್ಟಳೆಯಿತ್ತು. ಒಕ್ಕೂಟದ ಪಂದ್ಯಾವಳಿ ಮುಗಿದ ಮೇಲೆ ದೇಶದ ಶ್ರೇಷ್ಠ ಕಾಲೇಜುಗಳ ರಾಷ್ಟ್ರೀಯ ಪಂದ್ಯಾವಳಿ ಆರಂಭವಾಗುತ್ತಿತ್ತು. ಅದಕ್ಕೆ ಒಂದು ಒಕ್ಕೂಟದಿಂದ ಒಂದೇ ತಂಡಕ್ಕೆ ಪ್ರವೇಶ. ಅಟ್ಲಾಂಟಿಕ್ ಕೋಸ್ಟ್ ಒಕ್ಕೂಟವು ಆ ಪ್ರವೇಶವನ್ನು ಪಂದ್ಯಾವಳಿಯಲ್ಲಿ ಗೆದ್ದವರಿಗೇ ಮೀಸಲಿರಿಸಿತ್ತು. ಮೂರು ತಿಂಗಳ ಪರಿಶ್ರಮದ ಫಲ ಮೂರು ದಿನಗಳಲ್ಲಿ ತೀರ್ಮಾನವಾಗುತ್ತಿತ್ತು. ೧೯೭೦ರಲ್ಲಿ ಸೌತ್ ಕ್ಯಾರೊಲೈನ ತಂಡವು ಋತುವಿನಲ್ಲಿ ಒಕ್ಕೂಟದ ತಂಡಗಳೊಡನೆ ಆಡಿದ ಹದಿನಾಲ್ಕು ಪಂದ್ಯಗಳಲ್ಲಿ ಹದಿನಾಲ್ಕನ್ನೂ ಗೆದ್ದಿತ್ತು. ಆದರೆ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ, ಎರಡು ಹೆಚ್ಚುವರಿ ಅವಧಿಗಳ ಬಳಿಕ, ನಾರ್ತ್ ಕ್ಯಾರೊಲೈನ ಸ್ಟೇಟ್ ತಂಡಕ್ಕೆ ೪೨-೩೯ರಿಂದ ಶರಣಾಯಿತು. ಹದಿನಾಲ್ಕು ಗೆಲವುಗಳನ್ನು ಒಂದು ಸೋಲು ನುಂಗಿತು. ಮರುವರ್ಷ ಆ ತಂಡ ಒಕ್ಕೂಟವನ್ನೇ ತೊರೆಯಿತು.

ಮೂರು ವರ್ಷಗಳ ತರುವಾಯ ಬಾಗಿಲ ಹೊರಗೆ ನಿಲ್ಲುವ ಸರದಿ ನಾರ್ತ್ ಕ್ಯಾರೊಲೈನ ಸ್ಟೇಟ್ ತಂಡದ್ದಾಯಿತು. ೧೯೭೨-೭೩ರ ಋತುವಿನಲ್ಲಿ ಅದು ಆಡಿದ ಇಪ್ಪತ್ತೇಳು ಪಂದ್ಯಗಳನ್ನೂ ಗೆದ್ದಿತು. ಒಕ್ಕೂಟದ ಅಂತಿಮ ಪಂದ್ಯದಲ್ಲಿ ಮೇರಿಲ್ಯಾಂಡ್ ತಂಡವನ್ನು ೭೬-೭೪ರಿಂದ ಮಣಿಸಿತು. ಆದರೆ ಆಟಗಾರರನ್ನು ಸೇರಿಸಿಕೊಳ್ಳುವಲ್ಲಿ ನಿಯಮ ಮೀರಿದ್ದಕ್ಕಾಗಿ ಅದನ್ನು ರಾಷ್ಟ್ರೀಯ ಪಂದ್ಯಾವಳಿಯಿಂದ ನಿಷೇಧಿಸಲಾಗಿತ್ತು. ಗೆದ್ದವರು ಮನೆಯಲ್ಲಿ ಉಳಿದರು. ಸೋತ ಮೇರಿಲ್ಯಾಂಡ್ ಮುಂದೆ ಹೋಯಿತು. ೧೯೭೪ರಲ್ಲಿ ಇವೆರಡೂ ತಂಡಗಳು ಮತ್ತೆ ಎದುರುಬದುರಾಗಿ ನಿಂತಾಗ, ಹೊರಗುಳಿಯುವ ನೋವು ಎಂಥದೆಂಬುದನ್ನು ಒಂದು ತಂಡ ಆಗಲೇ ಉಂಡಿತ್ತು. ಇನ್ನೊಂದು ಇನ್ನೂ ಅರಿಯಬೇಕಾಗಿತ್ತು.

ಆ ವರ್ಷ ನಾರ್ತ್ ಕ್ಯಾರೊಲೈನ ಸ್ಟೇಟ್ ದೇಶದ ಮೊದಲನೆಯ ತಂಡವೆಂದೂ ಮೇರಿಲ್ಯಾಂಡ್ ನಾಲ್ಕನೆಯದೆಂದೂ ಎಣಿಕೆಯಾಗಿದ್ದವು. ಸ್ಟೇಟ್ ತಂಡದ ಮೂವರು ಆಟಗಾರರನ್ನು ಒಟ್ಟಿಗೆ ನೋಡಿದವರಿಗೆ ನಗು ಬಂದರೂ ಆಶ್ಚರ್ಯವಿಲ್ಲ. ಟಾಮ್ ಬರ್ಲ್‌ಸನ್ ಗುಡ್ಡಗಾಡಿನ ನ್ಯೂಲ್ಯಾಂಡ್ ಎಂಬ ಸಣ್ಣ ಊರಿನಿಂದ ಬಂದ, ಏಳಡಿಗೂ ಮೀರಿದ ಎತ್ತರದ ಯುವಕ. ಮಾಂಟಿ ಟೋ ಅವನ ಪಕ್ಕದಲ್ಲಿ ಬಾಲಕನಂತೆ ಕಾಣುವ ಐದಡಿ ಏಳಂಗುಲದ ಆಟಗಾರ. ಇವರಿಬ್ಬರ ನಡುವೆ ಡೇವಿಡ್ ಥಾಂಪ್ಸನ್: ಹನ್ನೊಂದು ಮಕ್ಕಳ ಕುಟುಂಬದ ಕಡೆಯ ಕುಡಿ, ನೆಲದಿಂದ ಚಿಮ್ಮಿದರೆ ಗಾಳಿಯಲ್ಲಿಯೇ ನಿಂತಂತೆ ತೋರುವ ಅಪೂರ್ವ ಪ್ರತಿಭೆ. ಎದುರು ಪಕ್ಷದಲ್ಲಿ ಲೆನ್ ಎಲ್ಮೋರ್, ಟಾಮ್ ಮೆಕ್‌ಮಿಲನ್, ಜಾನ್ ಲ್ಯೂಕಸ್ ಮುಂತಾದ ನುರಿತವರಿದ್ದರು. ಆ ವರ್ಷದ ಒಕ್ಕೂಟದ ಶ್ರೇಷ್ಠ ಐವರ ಪಟ್ಟಿಯಲ್ಲಿ ಬರ್ಲ್‌ಸನ್ನನಿಗೆ ಎಡೆ ದೊರೆತಿರಲಿಲ್ಲ. ಆ ಸ್ಥಾನ ಎಲ್ಮೋರನಿಗೆ ಸಂದಿತ್ತು. ಹಿಂದಿನ ವರ್ಷಗಳಲ್ಲಿ ಪಟ್ಟಿಯಲ್ಲಿದ್ದವನಿಗೆ ಆ ಕೊರತೆ ಮುಳ್ಳಿನಂತೆ ಚುಚ್ಚುತ್ತಿತ್ತು. ಅವನು ಅದಕ್ಕೆ ಬಾಯಿಂದ ಉತ್ತರಿಸಲಿಲ್ಲ. ಆಟದ ಅಂಗಳ ಅವನಿಗಾಗಿ ಕಾದಿತ್ತು.

ಪಂದ್ಯ ಆರಂಭವಾಯಿತು. ಆ ಕಾಲದ ನಿಯಮಗಳನ್ನು ನೆನಪಿನಲ್ಲಿಡದೆ ಅದರ ಸೊಗಸು ತಿಳಿಯದು. ದೂರದಿಂದ ಹಾಕಿದ ಚೆಂಡಿಗೆ ಮೂರು ಅಂಕ ಕೊಡುವ ಪದ್ಧತಿ ಆಗ ಇರಲಿಲ್ಲ. ಎಲ್ಲಿಂದ ಹಾಕಿದರೂ ಎರಡೇ. ಇಷ್ಟು ಹೊತ್ತಿನೊಳಗೆ ಚೆಂಡನ್ನು ಎಸೆಯಲೇಬೇಕೆಂಬ ಕಟ್ಟುಪಾಡೂ ಇರಲಿಲ್ಲ; ಮುಂದಿದ್ದ ತಂಡ ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತ ಕಾಲ ಕಳೆಯಬಹುದಾಗಿತ್ತು. ಬುಟ್ಟಿಯ ಮೇಲಿನಿಂದ ಚೆಂಡನ್ನು ಅದುಮಿ ತುಂಬುವುದು ನಿಷಿದ್ಧವಾಗಿತ್ತು. ಆದರೂ ಆ ದಿನ ಎರಡು ತಂಡಗಳೂ ನೂರು ಅಂಕಗಳನ್ನು ಮುಟ್ಟಿದವು. ಕಾಲಹರಣ ಮಾಡುವ ಆಲೋಚನೆ ಯಾರಲ್ಲಿಯೂ ಸುಳಿಯಲಿಲ್ಲ. ಮೇರಿಲ್ಯಾಂಡ್ ಆಟಗಾರರು ಎಸೆದ ಹತ್ತು ಚೆಂಡುಗಳಲ್ಲಿ ಹೆಚ್ಚುಕಡಿಮೆ ಆರು ಬುಟ್ಟಿಗೆ ಬಿದ್ದವು. ಮೊದಲ ಭಾಗ ಮುಗಿದಾಗ ಅವರೇ ಮುಂದಿದ್ದರು. ಆದರೆ ಬರ್ಲ್‌ಸನ್ ಬಿಡಲಿಲ್ಲ. ಅವನೊಬ್ಬನೇ ೩೮ ಅಂಕಗಳನ್ನು ಗಳಿಸಿದ. ಥಾಂಪ್ಸನ್ ೨೯ ಅಂಕಗಳನ್ನು ಕೂಡಿಸಿದ. ನಲವತ್ತು ನಿಮಿಷಗಳು ಮುಗಿದಾಗ ಎರಡು ತಂಡಗಳೂ ಸಮನಾಗಿ ನಿಂತಿದ್ದವು. ಐದು ನಿಮಿಷಗಳ ಹೆಚ್ಚುವರಿ ಅವಧಿ ಅನಿವಾರ್ಯವಾಯಿತು.

ದಣಿದ ಕಾಲುಗಳ ಮೇಲೆ ಮನಸ್ಸು ಮಾತ್ರ ಓಡುವ ಹೊತ್ತು ಅದು. ಹಿಂದಿನ ನಲವತ್ತು ನಿಮಿಷಗಳಲ್ಲಿ ಹೊಳೆಯಂತೆ ಹರಿದ ಅಂಕಗಳು ಈಗ ಹನಿಹನಿಯಾದವು. ಕೊನೆಯ ಕ್ಷಣಗಳಲ್ಲಿ, ಅಂಗಳದಲ್ಲಿದ್ದವರಲ್ಲಿ ಅತ್ಯಂತ ಗಿಡ್ಡನಾದ ಟೋ, ಎದುರಾಳಿಯ ತಪ್ಪಿಗಾಗಿ ದೊರೆತ ಎರಡು ಎಸೆತಗಳನ್ನೂ ಅಳುಕದೆ ಬುಟ್ಟಿಗೆ ಹಾಕಿದ. ನಾರ್ತ್ ಕ್ಯಾರೊಲೈನ ಸ್ಟೇಟ್ ೧೦೩, ಮೇರಿಲ್ಯಾಂಡ್ ೧೦೦. ದೇಶದ ನಾಲ್ಕನೆಯ ತಂಡಕ್ಕೆ ರಾಷ್ಟ್ರೀಯ ಪಂದ್ಯಾವಳಿಯ ಬಾಗಿಲು ಮುಚ್ಚಿತು. ಒಂದೇ ಬಾಗಿಲು, ಅದರೊಳಗೆ ಒಬ್ಬರೇ ಹೋಗಬಹುದಾಗಿತ್ತು.

ಮೇರಿಲ್ಯಾಂಡಿನ ತರಬೇತುದಾರರು ಚಾರ್ಲ್ಸ್ ಡ್ರಿಸೆಲ್. ಎಡಗೈ ಬಳಸುವವರಾದ್ದರಿಂದ ‘ಲೆಫ್ಟಿ’ ಎಂದೇ ಪ್ರಸಿದ್ಧರು. ವರ್ಷಗಟ್ಟಲೆ ಕಟ್ಟಿ ಬೆಳೆಸಿದ ತಂಡ ಕಣ್ಣೆದುರಿಗೇ ಮುರಿದು ಬಿದ್ದಾಗ ಮನುಷ್ಯನಾದವನು ತೀರ್ಪುಗಾರರನ್ನು ದೂರಬಹುದು, ವಿಧಿಯನ್ನು ಹಳಿಯಬಹುದು, ಮೌನವಾಗಿ ಮನೆಯ ದಾರಿ ಹಿಡಿಯಬಹುದು. ಡ್ರಿಸೆಲ್ ಇವಾವುದನ್ನೂ ಮಾಡಲಿಲ್ಲ. ಹೊರಗೆ ಸ್ಟೇಟ್ ತಂಡದ ಬಸ್ಸು ಹೊರಡಲು ಸಿದ್ಧವಾಗಿ ನಿಂತಿತ್ತು. ಅವರು ಆ ಬಸ್ಸನ್ನು ಹತ್ತಿದರು. ತಮ್ಮನ್ನು ಸೋಲಿಸಿದ ಹುಡುಗರ ಆಟವನ್ನು ಮನಸಾರೆ ಕೊಂಡಾಡಿದರು. ರಾಷ್ಟ್ರೀಯ ಪಂದ್ಯಾವಳಿಯನ್ನೂ ಗೆದ್ದು ಬರಬೇಕೆಂದು ಹಾರೈಸಿ ಕೆಳಗಿಳಿದರು. ಆ ದಿನ ಅಂಕಗಳ ಫಲಕದಲ್ಲಿ ಗೆದ್ದವರು ಒಬ್ಬರು. ಬಸ್ಸಿನ ಮೆಟ್ಟಿಲ ಮೇಲೆ ಗೆದ್ದವರು ಇನ್ನೊಬ್ಬರು.

ಆ ಹಾರೈಕೆ ಹುಸಿಯಾಗಲಿಲ್ಲ. ಎರಡು ವಾರಗಳ ಬಳಿಕ ಅದೇ ಗ್ರೀನ್ಸ್‌ಬರೋ ಕ್ರೀಡಾಭವನದಲ್ಲಿ ನಾರ್ತ್ ಕ್ಯಾರೊಲೈನ ಸ್ಟೇಟ್, ಸತತವಾಗಿ ಏಳು ವರ್ಷ ದೇಶದ ಚಾಂಪಿಯನ್ ಆಗಿ ಮೆರೆದಿದ್ದ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯ ತಂಡವನ್ನು ಎರಡು ಹೆಚ್ಚುವರಿ ಅವಧಿಗಳ ನಂತರ ೮೦-೭೭ರಿಂದ ಸೋಲಿಸಿತು. ಅಂತಿಮ ಪಂದ್ಯದಲ್ಲಿ ಮಾರ್ಕೆಟ್ ತಂಡವನ್ನು ೭೬-೬೪ರಿಂದ ಗೆದ್ದು ರಾಷ್ಟ್ರದ ಕಿರೀಟವನ್ನು ಧರಿಸಿತು. ದೇಶದ ಶ್ರೇಷ್ಠ ತಂಡವನ್ನು ಸೋಲಿನ ಅಂಚಿಗೆ ತಂದಿದ್ದ ಮೇರಿಲ್ಯಾಂಡ್ ಆ ವೇಳೆಗೆ ಮನೆಯಲ್ಲಿ ಕುಳಿತಿತ್ತು. ಇದು ನ್ಯಾಯವೇ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

೧೯೭೫ರಲ್ಲಿ ರಾಷ್ಟ್ರೀಯ ಪಂದ್ಯಾವಳಿಯ ತಂಡಗಳ ಸಂಖ್ಯೆಯನ್ನು ೨೫ರಿಂದ ೩೨ಕ್ಕೆ ಏರಿಸಲಾಯಿತು; ಒಂದು ಒಕ್ಕೂಟದಿಂದ ಒಂದಕ್ಕಿಂತ ಹೆಚ್ಚು ತಂಡಗಳಿಗೆ ಪ್ರವೇಶ ದೊರೆಯಿತು. ಇದಕ್ಕೆಲ್ಲ ಆ ಒಂದು ಪಂದ್ಯವೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ಆದರೆ ಬದಲಾವಣೆಯ ಮಾತು ಬಂದಾಗಲೆಲ್ಲ ಜನ ನೆನೆಯುವುದು ಆ ಪಂದ್ಯವನ್ನೇ. ಆ ವರ್ಷವೂ ಮೇರಿಲ್ಯಾಂಡ್ ಒಕ್ಕೂಟದ ಪಂದ್ಯಾವಳಿಯಲ್ಲಿ ಸೋತಿತು. ಆದರೆ ಈ ಬಾರಿ ಎರಡನೆಯ ಬಾಗಿಲು ತೆರೆದಿತ್ತು. ಅದು ಒಳಗೆ ಹೋಯಿತು. ಮುಂದೆ ೧೯೮೫ರಲ್ಲಿ ತಂಡಗಳ ಸಂಖ್ಯೆ ೬೪ಕ್ಕೂ ೨೦೧೧ರಲ್ಲಿ ೬೮ಕ್ಕೂ ಬೆಳೆಯಿತು.

ಬಾಗಿಲುಗಳು ಹೆಚ್ಚಿದಾಗ ಒಂದೇ ಬಾಗಿಲ ಕಾಲದ ಆ ತೀವ್ರತೆ ಕುಗ್ಗಿತೆಂದು ಹಳಬರು ಹಳಹಳಿಸುವುದುಂಟು. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಸೋತರೂ ಇನ್ನೊಂದು ದಾರಿ ಉಂಟೆಂದು ಬಲ್ಲವನು ಪ್ರಾಣವನ್ನೇ ಪಣವಿಟ್ಟು ಆಡಲಾರ. ಆದರೆ ಪ್ರೇಕ್ಷಕರ ರೋಮಾಂಚನಕ್ಕಾಗಿ ಆಟಗಾರರ ಪರಿಶ್ರಮವನ್ನು ಬಲಿಗೊಡುವುದು ತರವಲ್ಲ. ಅಲ್ಲದೆ, ಪಂದ್ಯಾವಳಿಯ ಸತ್ವ ಪೂರ್ಣವಾಗಿ ಬತ್ತಿಯೂ ಇಲ್ಲ. ೨೦೨೪ರ ಮಾರ್ಚ್ ತಿಂಗಳಲ್ಲಿ ಅದೇ ನಾರ್ತ್ ಕ್ಯಾರೊಲೈನ ಸ್ಟೇಟ್ ತಂಡ ಋತುವಿನಲ್ಲಿ ಹದಿನಾಲ್ಕು ಪಂದ್ಯಗಳನ್ನು ಸೋತು, ಹತ್ತನೆಯ ಸ್ಥಾನದಲ್ಲಿ ನಿಂತು, ಒಕ್ಕೂಟದ ಪಂದ್ಯಾವಳಿಗೆ ಬಂದಿತು. ಅದನ್ನು ಕರೆಯುವವರು ಯಾರೂ ಇರಲಿಲ್ಲ. ಐದು ದಿನಗಳಲ್ಲಿ ಐದು ಪಂದ್ಯಗಳನ್ನು ಗೆದ್ದು ಅದು ಚಾಂಪಿಯನ್ ಆಯಿತು. ರಾಷ್ಟ್ರೀಯ ಪಂದ್ಯಾವಳಿಯಲ್ಲಿಯೂ ಕಡೆಯ ನಾಲ್ಕು ತಂಡಗಳಲ್ಲೊಂದಾಯಿತು. ಬಲಿಷ್ಠರಿಗೆ ಅನ್ಯಾಯವೆನಿಸಿದ ಕಟ್ಟಳೆಯೇ ಬಿದ್ದವರಿಗೆ ಎದ್ದು ನಿಲ್ಲುವ ಅವಕಾಶವನ್ನೂ ಕೊಡಬಲ್ಲದು.

ಡ್ರಿಸೆಲ್ಲರ ಕಥೆ ಆ ಬಸ್ಸಿನ ಮೆಟ್ಟಿಲ ಮೇಲೆಯೇ ಮುಗಿಯಲಿಲ್ಲ. ಹತ್ತು ವರ್ಷಗಳ ಅನಂತರ, ೧೯೮೪ರಲ್ಲಿ, ಅದೇ ಗ್ರೀನ್ಸ್‌ಬರೋ ನಗರದಲ್ಲಿ ಅವರ ಮೇರಿಲ್ಯಾಂಡ್ ತಂಡ ಡ್ಯೂಕ್ ತಂಡವನ್ನು ಮಣಿಸಿ ಒಕ್ಕೂಟದ ಪಂದ್ಯಾವಳಿಯನ್ನು ಗೆದ್ದಿತು. ೨೦೨೪ರ ಫೆಬ್ರವರಿಯಲ್ಲಿ, ತೊಂಬತ್ತೆರಡರ ತುಂಬು ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅವರ ತಂಡಗಳು ಗೆದ್ದ ನೂರಾರು ಪಂದ್ಯಗಳ ಲೆಕ್ಕ ಪುಸ್ತಕಗಳಲ್ಲಿದೆ. ಅದು ಅಲ್ಲಿಯೇ ಇರಲಿ. ಸೋತ ದಿನ, ಗೆದ್ದವರ ಬಸ್ಸನ್ನು ಹತ್ತಿ ಹರಸಿದ ಆ ದೊಡ್ಡ ಮನಸ್ಸು ಮಾತ್ರ ಆಟವಾಡುವ ಪ್ರತಿಯೊಬ್ಬರ ನೆನಪಿನಲ್ಲಿ ಉಳಿಯತಕ್ಕದ್ದು.