ಹತ್ತನೆಯ ಸ್ಥಾನದಲ್ಲಿ ಇಬ್ಬರು

ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳದವರೂ ಇದನ್ನು ಓದಬೇಕೆಂಬುದು ನನ್ನ ಆಸೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಈ ಬರಹದಲ್ಲಿ ಬರುವುದು ನಾಲ್ಕೈದು ಚಿಹ್ನೆಗಳು ಮಾತ್ರ. ಚಿಕ್ಕದು ಎನ್ನುವ <, ಸಮ ಎನ್ನುವ ==, ಸಮವಲ್ಲ ಎನ್ನುವ !=, ಮತ್ತೆ <=> ಎಂಬ ಒಂದು ವಿಚಿತ್ರ ಚಿಹ್ನೆ. ಈ ಕೊನೆಯದನ್ನು ಪ್ರೋಗ್ರಾಮರ್‌ಗಳು ‘ಸ್ಪೇಸ್‌ಶಿಪ್’ ಎಂದು ಕರೆಯುತ್ತಾರೆ, ನೋಡಲು ಹಾರುವ ತಟ್ಟೆಯ ಹಾಗೆ ಇದೆಯೆಂದು.

ಮಧ್ಯವಾರ್ಷಿಕ ಪರೀಕ್ಷೆ ಮುಗಿದ ಮೇಲೆ, ಶುಲ್ಕದ ಸಹಾಯಧನಕ್ಕೆ ಬಂದ ಅರ್ಜಿಗಳನ್ನು ಅಂಕಗಳ ಪ್ರಕಾರ ಜೋಡಿಸಿ ಕೊಡುವ ಕೆಲಸ ನಮ್ಮ ಲ್ಯಾಬಿಗೆ ಬಂತು. ಸಹಾಯಧನ ಹತ್ತು ಮಂದಿಗೆ. ಎಕ್ಸೆಲ್‌ನಲ್ಲಿ ಇದು ಎರಡು ನಿಮಿಷದ ಕೆಲಸ, ಮಿಸ್‌ಗೂ ಅದು ಗೊತ್ತು. ಆದರೂ ಅವರು, “ಸಿ++ನಲ್ಲಿ ಬರೆಯಿರಿ, ಒಂದು ವಾರ ಸಮಯ ಇದೆ” ಎಂದರು. ನಮಗೆ ಸಿಕ್ಕ ಫೈಲಿನಲ್ಲಿ ಹೆಸರುಗಳಿರಲಿಲ್ಲ, ರಿಜಿಸ್ಟರ್ ನಂಬರ್ ಮತ್ತು ಅಂಕಗಳು ಮಾತ್ರ. ಆದರೆ ನಮ್ಮ ನಮ್ಮ ನಂಬರ್ ಯಾರಿಗೆ ಗೊತ್ತಿರುವುದಿಲ್ಲ? ನಾನೂ ಅರ್ಜಿ ಹಾಕಿದ್ದೆ. ನನ್ನ ಪಕ್ಕದಲ್ಲಿ ಕೂರುವ ಗೆಳತಿಯೂ ಹಾಕಿದ್ದಳು. ಎರಡನೇ ಕಂತಿನ ಮಾತು ಊಟದ ಹೊತ್ತಿಗೆ ಬಂದೇ ಬರುವ ಮನೆಗಳು ನಮ್ಮಿಬ್ಬರದೂ.

ಈಗ ವಿಷಯಕ್ಕೆ ಬರುತ್ತೇನೆ. 5 < 7 ಎಂದು ಬರೆದರೆ ಏನು ಮಾಡಬೇಕೆಂದು ಕಂಪೈಲರ್‌ಗೆ ಹುಟ್ಟಿನಿಂದಲೇ ಗೊತ್ತು. ಆದರೆ ನಾವೇ ಕಟ್ಟಿದ ‘ವಿದ್ಯಾರ್ಥಿ’ ಎಂಬ ಕ್ಲಾಸಿನ ಎರಡು ಆಬ್ಜೆಕ್ಟ್‌ಗಳ ನಡುವೆ ಅದೇ ಚಿಹ್ನೆ ಇಟ್ಟರೆ? ಒಬ್ಬಳು ಇನ್ನೊಬ್ಬಳಿಗಿಂತ ‘ಚಿಕ್ಕವಳು’ ಎಂದರೆ ವಯಸ್ಸಿನಲ್ಲೋ, ಅಂಕದಲ್ಲೋ, ಹೆಸರಿನ ಅಕ್ಷರದಲ್ಲೋ? ನನ್ನ ಉಮ್ಮ ಬಂಗುಡೆಯನ್ನೂ ಬೂತಾಯಿಯನ್ನೂ ಹೋಲಿಸುವುದು ಗಾತ್ರದಿಂದಲ್ಲ, ಆ ದಿನದ ದರದಿಂದ ಮತ್ತು ಕಿವಿರಿನ ಬಣ್ಣದಿಂದ. ಯಾವುದರಿಂದ ಅಳೆಯಬೇಕೆಂದು ಹೇಳುವವರೆಗೆ ಕಂಪೈಲರ್‌ಗೆ ಆ ಚಿಹ್ನೆ ಬರಿಯ ಗೆರೆ. ಹೇಳುವ ದಾರಿ, ‘ಆಪರೇಟರ್<’ ಎಂಬ ಹೆಸರಿನಲ್ಲಿ ಒಂದು ಫಂಕ್ಷನ್ ಬರೆಯುವುದು. ಒಂದೇ ಚಿಹ್ನೆಗೆ ಹೀಗೆ ಎಷ್ಟು ಫಂಕ್ಷನ್‌ಗಳನ್ನಾದರೂ ಬರೆಯಬಹುದು, ಅದನ್ನೇ ಓವರ್‌ಲೋಡಿಂಗ್ ಎನ್ನುವುದು. ಬರೆಯುವುದು ಸುಲಭ. ನನಗೆ ಕುತೂಹಲ ಹುಟ್ಟಿಸಿದ್ದು ಅವುಗಳಲ್ಲಿ ಒಂದನ್ನು ಕಂಪೈಲರ್ ಆರಿಸಿಕೊಳ್ಳುವ ರೀತಿ.

ಎ < ಬಿ ಎಂಬ ಸಾಲು ಕಂಡ ಕೂಡಲೇ ಅದು ಮೊದಲು ಅಭ್ಯರ್ಥಿಗಳನ್ನು ಕಲೆಹಾಕುತ್ತದೆ. ಎಡಗಡೆಯ ಆಬ್ಜೆಕ್ಟಿನ ಕ್ಲಾಸಿನೊಳಗೆ ಆ ಫಂಕ್ಷನ್ ಇದೆಯೇ, ಕ್ಲಾಸಿನ ಹೊರಗೆ ಇದೆಯೇ, ಆ ಎರಡು ಟೈಪ್‌ಗಳು ಹುಟ್ಟಿದ ನೇಮ್‌ಸ್ಪೇಸ್‌ನಲ್ಲಿ ಇದೆಯೇ, ಭಾಷೆಯಲ್ಲೇ ಅಡಕವಾಗಿರುವ ಸಂಖ್ಯೆಗಳ ಹೋಲಿಕೆ ಹೊಂದುತ್ತದೆಯೇ ಎಂದು ಎಲ್ಲ ಕಡೆ ಹುಡುಕುತ್ತದೆ. ಆಮೇಲೆ ನಮ್ಮ ಎ ಮತ್ತು ಬಿ ಯಾವುದಕ್ಕೆ ಹೊಂದುವುದೇ ಇಲ್ಲವೋ ಅದನ್ನು ಕೈಬಿಡುತ್ತದೆ. ಉಳಿದವುಗಳಲ್ಲಿ ಉತ್ತಮ ಯಾವುದೆಂದು ನೋಡಲು ಅದಕ್ಕೆ ಒಂದು ಮೆಟ್ಟಿಲ ಸಾಲಿದೆ. ಟೈಪ್ ಇದ್ದ ಹಾಗೆಯೇ ಹೊಂದಿದರೆ ಎಲ್ಲಕ್ಕಿಂತ ಮೇಲು. ‘ಕ್ಯಾರ್’ ಅನ್ನು ‘ಇಂಟ್’ ಮಾಡುವಂಥ ಸಣ್ಣ ಬಡ್ತಿ ಅದರ ಕೆಳಗೆ. ‘ಇಂಟ್’ ಅನ್ನು ‘ಡಬಲ್’ ಮಾಡುವಂಥ ಪರಿವರ್ತನೆ ಇನ್ನೂ ಕೆಳಗೆ. ನಾವೇ ಬರೆದ ಕನ್‌ಸ್ಟ್ರಕ್ಟರ್ ಬಳಸಿ ಮಾಡುವ ಪರಿವರ್ತನೆ ಅದಕ್ಕೂ ಕೆಳಗೆ.

ಇಷ್ಟಾದ ಮೇಲೆ ಬರುವ ನಿಯಮ ನನಗೆ ಬಹಳ ಇಷ್ಟ. ಒಂದು ಫಂಕ್ಷನ್ ಗೆಲ್ಲಬೇಕಾದರೆ ಎಡಗಡೆ, ಬಲಗಡೆ ಎರಡರಲ್ಲೂ ಅದು ಬೇರೆಯವಕ್ಕಿಂತ ಕೆಳಗಿರಬಾರದು, ಕನಿಷ್ಠ ಒಂದರಲ್ಲಿ ಮೇಲಿರಬೇಕು. ಒಂದು ಎಡಗಡೆ ಮುಂದೆ, ಇನ್ನೊಂದು ಬಲಗಡೆ ಮುಂದೆ ಎಂದಾದರೆ ಕಂಪೈಲರ್ ಎರಡನ್ನೂ ಕೂಡಿಸಿ ಸರಾಸರಿ ತೆಗೆಯುವುದಿಲ್ಲ. ಮೊದಲು ಬರೆದದ್ದಕ್ಕೆ ಹೆಚ್ಚು ಹಕ್ಕು ಎಂದೂ ಹೇಳುವುದಿಲ್ಲ. ‘ಆಂಬಿಗ್ಯುಯಸ್’ ಎಂದು ಹೇಳಿ ನಿಂತುಬಿಡುತ್ತದೆ. ಇನ್ನೊಂದು ಮಾತು: ಈ ಆಯ್ಕೆಯೆಲ್ಲ ಪ್ರೋಗ್ರಾಂ ಓಡುವ ಮೊದಲೇ ಮುಗಿದಿರುತ್ತದೆ. ಕಂಪೈಲರ್ ನೋಡುವುದು ಟೈಪ್‌ಗಳನ್ನು, ಯಾರಿಗೆ ಎಷ್ಟು ಅಂಕ ಎಂಬುದು ಅದಕ್ಕೆ ಕಾಣುವುದೇ ಇಲ್ಲ.

ಪೈಥಾನ್ ಕಲಿತವರಿಗೆ ವ್ಯತ್ಯಾಸ ಗೊತ್ತಾಗಲೆಂದು ಹೇಳುತ್ತೇನೆ. ಅಲ್ಲಿ ಎ < ಬಿ ಬಂದಾಗ, ಪ್ರೋಗ್ರಾಂ ಓಡುತ್ತಿರುವಾಗಲೇ, ಸಾಮಾನ್ಯವಾಗಿ ಮೊದಲು ಎಡಗಡೆಯವರನ್ನು ಕೇಳಲಾಗುತ್ತದೆ. “ನನಗೆ ಗೊತ್ತಿಲ್ಲ” ಎಂದು ಅವರು ಹೇಳಿದರೆ ಪ್ರಶ್ನೆಯನ್ನು ತಿರುಗಿಸಿ ಬಲಗಡೆಯವರನ್ನು ಕೇಳಲಾಗುತ್ತದೆ. ಅವರೂ ಕೈಯಾಡಿಸಿದರೆ ಎರರ್. ಮನೆಯಲ್ಲಿ ಪಿಕ್‌ನಿಕ್‌ಗೆ ಅನುಮತಿ ಕೇಳಿದ ಹಾಗೆಯೇ.

ಸಿ++ಗೆ ಈ ತಿರುಗಿಸಿ ಕೇಳುವ ಪದ್ಧತಿ ಬಂದದ್ದು 2020ರ ಆವೃತ್ತಿಯಲ್ಲಿ. ಬಿಯಾರ್ನೆ ಸ್ಟ್ರೌಸ್ಟ್ರಪ್ ಅವರು ಬೆಲ್ ಲ್ಯಾಬ್ಸ್‌ನಲ್ಲಿ ಈ ಭಾಷೆಯ ಕೆಲಸ ಶುರುಮಾಡಿದ್ದು 1979ರಲ್ಲಿ. ಅಷ್ಟು ವರ್ಷಗಳ ಕಾಲ ಹೋಲಿಕೆಯ ಆರು ಚಿಹ್ನೆಗಳಿಗೆ ಆರು ಫಂಕ್ಷನ್ ಬರೆಯುವುದು ಪ್ರೋಗ್ರಾಮರ್‌ನ ಪಾಡು. ವಿದ್ಯಾರ್ಥಿಯನ್ನು 360ರೊಂದಿಗೆ ಹೋಲಿಸುವ ಫಂಕ್ಷನ್ ಕ್ಲಾಸಿನೊಳಗೆ ಇದ್ದರೂ, 360 ಅನ್ನು ಎಡಗಡೆ ಬರೆದರೆ ಅದು ಕೆಲಸಕ್ಕೆ ಬರುತ್ತಿರಲಿಲ್ಲ. ಏಕೆಂದರೆ 360 ಬರಿಯ ಸಂಖ್ಯೆ, ಅದಕ್ಕೆ ಕ್ಲಾಸ್ ಎಲ್ಲಿದೆ? ಅದಕ್ಕಾಗಿ ಇನ್ನೊಂದು ಫ್ರೆಂಡ್ ಫಂಕ್ಷನ್ ಬೇಕಾಗುತ್ತಿತ್ತು. ನೀಲಿ ಪರದೆಯ ಟರ್ಬೊ ಸಿ++ನಲ್ಲಿ ಕಲಿತ ನಮ್ಮ ಸೀನಿಯರ್‌ಗಳನ್ನು ಕೇಳಿ ನೋಡಿ, ಅವರಿಗೆ ಈ ಕಷ್ಟ ಗೊತ್ತು.

ಹರ್ಬ್ ಸಟ್ಟರ್ 2017ರಲ್ಲಿ ಮುಂದಿಟ್ಟ ಪ್ರಸ್ತಾವದಿಂದ <=> ಬಂತು. ಇದು ಹೌದು ಅಥವಾ ಅಲ್ಲ ಎಂದು ಉತ್ತರಿಸುವುದಿಲ್ಲ. ಹಿಂದೆ, ಮುಂದೆ, ಜೊತೆಯಲ್ಲಿ ಎಂದು ಮೂರರಲ್ಲಿ ಒಂದನ್ನು ಹೇಳುತ್ತದೆ. ಇದೊಂದನ್ನು ಬರೆದುಕೊಟ್ಟರೆ ಸಾಕು, ಎ < ಬಿ ಎಂಬುದನ್ನು ಕಂಪೈಲರ್ ತಾನೇ (ಎ <=> ಬಿ) < 0 ಎಂದು ತಿರುಗಿಸಿ ಬರೆದುಕೊಳ್ಳುತ್ತದೆ. ಬೇಕಾದರೆ ಎಡಬಲ ಅದಲು ಬದಲು ಮಾಡಿ, ಅರ್ಥ ಕೆಡದಂತೆ ಚಿಹ್ನೆಯನ್ನೂ ತಿರುಗಿಸಿ ನೋಡುತ್ತದೆ. ಹೀಗೆ ಅದೇ ಸೃಷ್ಟಿಸಿಕೊಂಡ ರೂಪಗಳೂ ಅಭ್ಯರ್ಥಿಗಳ ಸಾಲಿಗೆ ಸೇರುತ್ತವೆ. ಬೇರೆಲ್ಲದರಲ್ಲಿ ಸಮ ಬಂದಾಗ ನಾವು ಬರೆದ ರೂಪಕ್ಕೆ ಮೊದಲ ಮಣೆ, ತಿರುಗಿಸಿದ್ದಕ್ಕೆ ಆಮೇಲೆ.

ಆದರೆ ಒಂದು ಬಾಗಿಲನ್ನು ಮಾತ್ರ ಮುಚ್ಚಿಟ್ಟಿದ್ದಾರೆ. <=> ಅನ್ನು ನಾವೇ ಕೈಯಾರೆ ಬರೆದಾಗ ಕಂಪೈಲರ್ ಅದರಿಂದ <, >, <=, >= ನಾಲ್ಕನ್ನೂ ಹೊರಡಿಸುತ್ತದೆ, == ಅನ್ನು ಹೊರಡಿಸುವುದಿಲ್ಲ. ಮಿಸ್ ಇದನ್ನು ನಮಗೆ ಬಾಯಲ್ಲಿ ಹೇಳಲಿಲ್ಲ, ಮಾಡಿ ತೋರಿಸಿದರು. ಬೇಕೆಂದೇ == ಬಿಟ್ಟು ಕಂಪೈಲ್ ಮಾಡಿಸಿದರು. ಅಂಕ ಜೋಡಿಸುವ ಸಾಲುಗಳೆಲ್ಲ ದಾಟಿದವು. ‘ಈ ಅರ್ಜಿ ಆಗಲೇ ಪಟ್ಟಿಯಲ್ಲಿದೆಯೇ’ ಎಂದು ಹುಡುಕುವ ಸಾಲಿನಲ್ಲಿ ಬಂದು ನಿಂತಿತು: ನೋ ಮ್ಯಾಚ್ ಫಾರ್ ‘ಆಪರೇಟರ್==’. ಯಾರೂ ಹಿಂದಿಲ್ಲ, ಯಾರೂ ಮುಂದಿಲ್ಲ ಎಂದು ಅದಕ್ಕೆ ಗೊತ್ತು. ಅಷ್ಟರಿಂದ ಇಬ್ಬರೂ ಒಂದೇ ಎಂದು ಅದು ಹೇಳಲಾರದು.

ಇದಕ್ಕೆ ಭಾಷೆಯವರು ಕೊಟ್ಟ ಕಾರಣ ದೊಡ್ಡ ತತ್ವವೇನಲ್ಲ, ವೇಗ. ಎರಡು ಉದ್ದ ಪದಗಳು ಒಂದೇ ಹೌದೋ ಅಲ್ಲವೋ ಎಂದು ತಿಳಿಯಲು ಮೊದಲು ಅಕ್ಷರಗಳ ಸಂಖ್ಯೆ ನೋಡಬಹುದು. ಅದು ಬೇರೆಯಾದರೆ ಅಲ್ಲಿಗೇ ಉತ್ತರ ಸಿಕ್ಕಿತು. ನಿಘಂಟಿನಲ್ಲಿ ಯಾವುದು ಮೊದಲು ಎಂದು ತಿಳಿಯಲು ಮಾತ್ರ ಅಕ್ಷರ ಅಕ್ಷರವಾಗಿ ಹೋಗಬೇಕು. ಸುಲಭದ ಪ್ರಶ್ನೆಗೆ ಕಷ್ಟದ ದಾರಿ ಹಿಡಿಯಬಾರದೆಂದು, ಬ್ಯಾರಿ ರೆವ್ಜಿನ್ ಅವರ ಪ್ರಸ್ತಾವದಂತೆ ಆವೃತ್ತಿ ಹೊರಬರುವ ಮೊದಲೇ ಎರಡನ್ನೂ ಬೇರೆ ಮಾಡಿದರು. (<=> ಅನ್ನು ‘ಡೀಫಾಲ್ಟ್’ ಎಂದು ಕಂಪೈಲರ್‌ಗೇ ಬಿಟ್ಟರೆ == ಕೂಡ ಜೊತೆಗೆ ಸಿಗುತ್ತದೆ. ಆಗ ಅದು ಪ್ರತಿಯೊಂದು ಅಂಶವನ್ನೂ ಹೋಲಿಸುತ್ತದೆ, ಹಾಗಾಗಿ ಅಲ್ಲಿ ಗೊಂದಲವಿಲ್ಲ.)

ವೇಗಕ್ಕಾಗಿ ಮಾಡಿದ ಈ ನಿಯಮ ನಮ್ಮ ಪಟ್ಟಿಯಲ್ಲಿ ಬೇರೆಯದೇ ಕೆಲಸ ಮಾಡಿತು. == ಎಂದರೆ ಏನೆಂದು ಈಗ ನಾವು ಕೂತು ಬರೆಯಬೇಕಾಯಿತು. “ಅಂಕ ಸಮ ಇದ್ದರೆ ಸಮ, ಅಷ್ಟೇ ಅಲ್ವಾ?” ಎಂದು ನಮ್ಮಲ್ಲೊಬ್ಬಳು ಹೇಳಿದಳು. ನಾನು ಫೈಲನ್ನು ಮತ್ತೊಮ್ಮೆ ನೋಡಿದೆ. ನನಗೆ 600ಕ್ಕೆ 531. ನನ್ನ ಗೆಳತಿಗೂ 531. ಹಾಗೆ ಬರೆದಿದ್ದರೆ, ಎರಡು ಸಲ ಬಂದ ಅರ್ಜಿಗಳನ್ನು ತೆಗೆಯುವ ಸಾಲು ನಮ್ಮಿಬ್ಬರಲ್ಲಿ ಎರಡನೆಯದಾಗಿ ಬಂದವಳನ್ನು ‘ಇವಳು ಆಗಲೇ ಇದ್ದಾಳೆ’ ಎಂದು ಪಟ್ಟಿಯಿಂದ ಬಿಟ್ಟುಬಿಡುತ್ತಿತ್ತು. ಎರರ್ ಬರುತ್ತಿರಲಿಲ್ಲ. ಯಾರಿಗೂ ಗೊತ್ತಾಗುತ್ತಲೂ ಇರಲಿಲ್ಲ. ಫೈಲಿನ ಕ್ರಮದಲ್ಲಿ ಅವಳು ನನಗಿಂತ ಕೆಳಗಿದ್ದಳು.

ಕೊನೆಗೆ == ಅನ್ನು ರಿಜಿಸ್ಟರ್ ನಂಬರ್ ಮೇಲೆ ಬರೆದೆವು, <=> ಅನ್ನು ಒಟ್ಟು ಅಂಕದ ಮೇಲೆ. ಒಂದೇ ಕ್ಲಾಸಿನಲ್ಲಿ ಎರಡು ಚಿಹ್ನೆಗಳು ಎರಡು ಬೇರೆ ವಿಷಯ ಹೇಳುವುದು ಓದುವವರನ್ನು ದಾರಿತಪ್ಪಿಸುತ್ತದೆ, ಅಂಕದ ಹೋಲಿಕೆಗೆ ಬೇರೆ ಹೆಸರಿನ ಫಂಕ್ಷನ್ ಇದ್ದರೆ ಚೆನ್ನ ಎಂದು ಮಿಸ್ ಹೇಳಿದರು. ನಾನೂ ಒಪ್ಪುತ್ತೇನೆ, ಆದರೆ ಅವರೇ ಕಲಿಯಲೆಂದು ಹೀಗೆ ಬಿಟ್ಟರು. <=> ಕೊಡುವ ಉತ್ತರದ ಟೈಪ್ ಕೂಡ ನಾವು ಆರಿಸಬೇಕಿತ್ತು. ‘ಸ್ಟ್ರಾಂಗ್ ಆರ್ಡರಿಂಗ್’ ಎಂದರೆ ಸಮ ಬಂದವರು ಎಲ್ಲ ರೀತಿಯಲ್ಲೂ ಒಂದೇ, ಒಬ್ಬರ ಜಾಗದಲ್ಲಿ ಇನ್ನೊಬ್ಬರನ್ನು ಇಡಬಹುದು. ‘ವೀಕ್ ಆರ್ಡರಿಂಗ್’ ಎಂದರೆ ಈ ಅಳತೆಯಲ್ಲಿ ಒಂದೇ ಮಟ್ಟ, ಆದರೆ ಇಬ್ಬರು ಇಬ್ಬರೇ. ನಾವು ಎರಡನೆಯದನ್ನು ಬರೆದೆವು.

ಪ್ರೋಗ್ರಾಂ ಓಡಿತು. ಹತ್ತನೆಯ ಜಾಗದಲ್ಲಿ ನನ್ನ ನಂಬರ್, ಹನ್ನೊಂದನೆಯದರಲ್ಲಿ ಅವಳದು. ಅದಕ್ಕೆ ಅರ್ಥವೇನೂ ಇರಲಿಲ್ಲ. ಸಿ++ನ ಸಾಮಾನ್ಯ ‘ಸಾರ್ಟ್’ ಸಮ ಬಂದವರ ಕ್ರಮದ ಬಗ್ಗೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ‘ಸ್ಟೇಬಲ್ ಸಾರ್ಟ್’ ಫೈಲಿನಲ್ಲಿ ಇದ್ದ ಕ್ರಮವನ್ನೇ ಉಳಿಸುತ್ತದೆ, ಅದೂ ನ್ಯಾಯವೇನಲ್ಲ. ನನ್ನ ಬಲಗಡೆ ಕೂತಿದ್ದವಳು ಮೆಲ್ಲಗೆ, “ಸಮ ಬಂದರೆ ಮ್ಯಾಥ್ಸ್ ನೋಡು ಎಂದು ಒಂದು ಸಾಲು ಸೇರಿಸಿದರೆ ಆಯಿತಲ್ಲ” ಎಂದಳು. ಗಣಿತದಲ್ಲಿ ನನಗೆ ನಾಲ್ಕು ಅಂಕ ಹೆಚ್ಚು. ಭೌತಶಾಸ್ತ್ರ ನೋಡು ಎಂದು ಬರೆದರೆ ಅವಳಿಗೆ ಆರು. ಎರಡೂ ಒಂದೇ ಸಾಲಿನ ಕೋಡ್, ಎರಡೂ ತಕರಾರಿಲ್ಲದೆ ಕಂಪೈಲ್ ಆಗುತ್ತವೆ. ಸಹಾಯಧನದ ನಿಯಮದ ಹಾಳೆಯಲ್ಲಿ ಒಟ್ಟು ಅಂಕ ಎಂದಷ್ಟೇ ಇತ್ತು. ಕೀಬೋರ್ಡ್ ನನ್ನ ಮುಂದಿತ್ತು.

ನಾನು ಆ ಸಾಲನ್ನು ಬರೆಯಲಿಲ್ಲ. ಅದರ ಬದಲು (ಎ <=> ಬಿ) == 0 ಬಂದವರಿಗೆಲ್ಲ ಒಂದೇ ಸ್ಥಾನ ಅಚ್ಚಾಗುವಂತೆ ಮಾಡಿ, ಅವರನ್ನು ರಿಜಿಸ್ಟರ್ ನಂಬರ್ ಕ್ರಮದಲ್ಲಿ ಇಟ್ಟು, ಆ ಕ್ರಮಕ್ಕೆ ಬೇರೆ ಅರ್ಥವಿಲ್ಲವೆಂದು ಹಾಳೆಯ ಮೇಲ್ಗಡೆ ಒಂದು ಸಾಲು ಬರೆದೆವು. ಪಟ್ಟಿಯಲ್ಲಿ 10 ಎರಡು ಸಲ ಬಂತು, ಅದರ ನಂತರ ನೇರ 12.

ಮಿಸ್ ಬೆರಳಿಟ್ಟು ಎಣಿಸಿದರು. “ಹತ್ತು ಕೇಳಿದರೆ ಹನ್ನೊಂದು ಕೊಟ್ಟಿದ್ದೀರಲ್ಲ?” ಎಂದರು. ಅಂಕ ಸಮ ಇದೆ ಮಿಸ್, ಮುಂದಿನ ನಿಯಮ ಫೈಲಿನಲ್ಲಿ ಇರಲಿಲ್ಲ ಎಂದೆ. ಆ ಎರಡು ನಂಬರ್‌ಗಳಲ್ಲಿ ಒಂದು ನನ್ನದು, ಇನ್ನೊಂದು ಯಾರದ್ದು ಎಂಬುದನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿ, ಅದನ್ನು ಹಾಗೆಯೇ ಆಫೀಸಿಗೆ ಕೊಂಡುಹೋದರು. ಸಮಿತಿ ಸೇರುವುದು ಬರುವ ಶನಿವಾರ.